ಐದನೆಯ ಗುರಿ

“ಹೋದ ವರ್ಷ ಇದೇ ಮಣ್ಣ್ ಒಯ್ದಿದ್ದೇನವಾ?” ಎನ್ನುತ್ತಲೇ ಬಕ್ಕಪ್ಪ ಗುಂಡಿಯೊಳಗೆ ಇಳಿದೇಬಿಟ್ಟ.

ಸಂತಪುರದ ಆ ಎರೆಹೊಲದಲ್ಲಿ ಎದೆಯಾಳದ ಗುಂಡಿ ತೋಡಿಸಿದವಳು ಮಹಾಮಾಯಾ. ಬೀದರಿನ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗಿನ ಎಂ.ಟೆಕ್ ಓದುತ್ತಿದ್ದಳು. ಅವಳ ಪ್ರಬಂಧವೆಲ್ಲ ಈ ಗುಂಡಿಯ ಮಣ್ಣಿನ ಮೇಲೇ ನಿಂತಿತ್ತು. ಸುಣ್ಣ ಬೆರೆಸಿದರೆ ಇಲ್ಲಿಯ ಎರೆಮಣ್ಣು ಗಟ್ಟಿಯಾಗಿ ಊರಿನ ಶಾಲೆಯ ರಸ್ತೆಗೆ ಆಗುತ್ತದೆಯೇ ಎಂಬುದು ಪ್ರಶ್ನೆ. ಆಗುವುದಿಲ್ಲ ಎಂಬುದು ವರ್ಷವಿಡೀ ದುಡಿದು ಅವಳು ಕಂಡುಕೊಂಡ ಉತ್ತರ. ಇನ್ನು ಮೂರು ದಿನಕ್ಕೆ ಕೊನೆಯ ಮೌಖಿಕ ಪರೀಕ್ಷೆ. ಪ್ರಬಂಧಕ್ಕೆ ಗುಂಡಿಯದೊಂದು ಫೋಟೊ ಬೇಕೆಂದು ಬಸ್ಸು ಹತ್ತಿ ಬಂದಿದ್ದಳು. ಕುರಿ ಮೇಯಿಸುತ್ತಿದ್ದ ಮುದುಕ ಬಕ್ಕಪ್ಪ ಮಾತಿಗೆ ಸಿಕ್ಕಿದ್ದ; ಇದನ್ನೆಲ್ಲ ಅವನಿಗೆ ಹೇಳಿದ್ದಳು.

ಬಕ್ಕಪ್ಪ ಗುಂಡಿಯ ಗೋಡೆಯನ್ನು ಉಗುರಿನಿಂದ ಕೆರೆದು ಅಂಗೈ ಚಾಚಿದ. ನಾಲ್ಕಾರು ಕುರಿ ಹಿಕ್ಕಿ.

“ಏಳ್ ವರ್ಷ ಆತು, ಈ ಹೊಲದಾಗೇ ರಾತ್ರಿ ಹಿಂಡ್ ಕೂಡಸ್ತೇನಿ. ಗೊಬ್ಬರ ಆಗ್ತದಂತ ಮಾಲಕರೇ ಕರೀತಾರ.”

“ಅದು ಮ್ಯಾಲ ಬೀಳೋದ್ರಿ ಕಾಕಾ. ನಾ ಮೂರ್ ಫೂಟ್ ಕೆಳಗಿಂದ ತಗಸೀನ್ರಿ. ಅಷ್ಟ್ ಕೆಳಗ ಹ್ಯಾಂಗ ಹೋಗ್ತದ್ರಿ?”

ಅವನು ಮೇಲೆ ಬಂದು, ಮೇ ತಿಂಗಳ ಬಿಸಿಲಿಗೆ ಬಾಯಿಬಿಟ್ಟಿದ್ದ ಬಿರುಕೊಂದರಲ್ಲಿ ತನ್ನ ಕೋಲನ್ನು ಇಳಿಬಿಟ್ಟ. ಅದು ಹಿಡಿಯವರೆಗೂ ಇಳಿಯಿತು. “ಹಿಂಗ ಹೋಗ್ತದ. ಬ್ಯಾಸಗ್ಯಾಗ ಒಳಗ ಬೀಳ್ತದ, ಮಳಿ ಬಂತಂದ್ರ ಭೂಮಿ ಬಾಯಿ ಮುಚ್ಕೋತದ.”

ಮಾಯಾ ಕೋಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬಿರುಕಿನೊಳಗೆ ಇಣುಕಿದಳು. ಗೊಬ್ಬರ ಬೆರೆತ ಮಣ್ಣಿನಲ್ಲಿ ಸುಣ್ಣ ಕೆಲಸ ಮಾಡುವುದಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಓದಿದ ಪಾಠ. ಸಾಯಗಾಂವದಲ್ಲಿ ಹುಟ್ಟಿ ಬೆಳೆದವಳಿಗೆ ಕುರಿ ಹಿಕ್ಕಿಯ ಗುರುತಿಲ್ಲವೇ? ಇತ್ತು. ಆದರೆ ಅಂದು ಚೀಲ ತುಂಬಲು ಆಳಿಗೆ ಹೇಳಿ, ತಾನು ಬೇವಿನ ನೆರಳಲ್ಲಿ ಕೂತು ಚೀಟಿ ಬರೆದಿದ್ದಳು. ಲ್ಯಾಬಿಗೆ ಬರುವಷ್ಟರಲ್ಲಿ ಎಲ್ಲ ಒಂದೇ ಪುಡಿ, ಒಂದೇ ಬಣ್ಣ.

“ಅಂದ್ರ ನಮ್ ಮಕ್ಕಳ ಸಾಲಿ ದಾರಿಗಿ ಸುಣ್ಣ ನಡ್ಯಂಗಿಲ್ಲಂತ ಬರ್ದಿಯೇನು?” ಎಂದು ಕೇಳಿದ ಬಕ್ಕಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಯಿತು.

ಬೀದರಿನ ಬಸ್ಸಿನಲ್ಲಿದ್ದಾಗ ಅವ್ವ ಅಂಜನಾಬಾಯಿಯ ಫೋನು ಬಂತು. ಮಗಳ ಪದವಿ ಸಮಾರಂಭಕ್ಕೆ ತಾನು ಉಡಲು ನೀಲಿ ಅಂಚಿನ ಬಿಳಿ ಸೀರೆಗೆ ಭಾಲ್ಕಿಯಲ್ಲಿ ಫಾಲ್ ಹಚ್ಚಿಸಿ ತಂದಿದ್ದಾಳಂತೆ. ಮಾಯಾ ಹ್ಞೂಂ ಎಂದು ಫೋನು ಇಟ್ಟಳು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಪರೀಕ್ಷಕರು ಸಂತಪುರಕ್ಕೆ ಹೋಗಿ ಗುಂಡಿಗೆ ಇಳಿಯುವುದುಂಟೇ?

ಅವಳ ಚೀಲದಲ್ಲಿ ವಿಭಾಗದವರು ತುಂಬಲು ಕೊಟ್ಟ ಹಾಳೆಯೊಂದೂ ಇತ್ತು. ಎಂ.ಟೆಕ್ ಮುಗಿಸುವವರು ಮುಟ್ಟಬೇಕಾದ ಕಲಿಕೆಯ ಗುರಿಗಳು, ಒಟ್ಟು ಏಳು. ಪ್ರತಿಯೊಂದರ ಎದುರು ಪುರಾವೆ ಬರೆಯಲು ಖಾಲಿ ಜಾಗ. ಆರನ್ನು ತುಂಬಿಯಾಗಿತ್ತು. ಐದನೆಯದು, ‘ತನ್ನ ಕೆಲಸದ ತಪ್ಪನ್ನು ತಾನೇ ಕಂಡುಹಿಡಿದು ಸರಿಪಡಿಸುವುದು.’ ಅಲ್ಲಿ ಎಲ್ಲರೂ ‘ತಪ್ಪು ಕಂಡುಬಂದಿಲ್ಲ’ ಎಂದೇ ಬರೆಯುತ್ತ ಬಂದಿದ್ದರು. ಆ ವಿಭಾಗದಲ್ಲಿ ವರ್ಷಗಟ್ಟಲೆ ಒಬ್ಬರೂ ತಪ್ಪು ಮಾಡಿರಲಿಲ್ಲ, ಪುಣ್ಯವಂತರು!

ಮರುದಿನ ಮಾಯಾ ಗುಂಡಿಯಿಂದ ಕಟ್ಟಿಕೊಂಡು ತಂದಿದ್ದ ಹಿಕ್ಕಿಯ ಪೊಟ್ಟಣವನ್ನು ಮಾರ್ಗದರ್ಶಕ ಅನೀಲಕುಮಾರ ಸರ್ ಅವರ ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಸರ್ ಕನ್ನಡಕ ತೆಗೆದರು. “ನಾಡಿದ್ದ ಪರೀಕ್ಷಾ ಅದ. ಮತ್ತ ಮಣ್ಣ್ ತಂದು ಮಾಡಿದ್ರ ಆರ್ ತಿಂಗಳ ಹೋಗ್ತದ. ಗೊತ್ತದ ಇಲ್ಲ?”

“ಗೊತ್ತದ್ರಿ ಸರ್.”

“ನಿನ್ ಜೋಡಿ ಓದಿದವ್ರೆಲ್ಲ ಪದವಿ ತಗೊಂಡ್ ಹೋಗ್ತಾರ.”

“ಗೊತ್ತದ್ರಿ.” ಅವಳು ಪೊಟ್ಟಣವನ್ನು ಅವರತ್ತ ಇನ್ನಷ್ಟು ಸರಿಸಿದಳು.

ಅವರು ಪೊಟ್ಟಣ ಬಿಚ್ಚಿ ಒಂದು ಹಿಕ್ಕಿಯನ್ನು ಬೆರಳಲ್ಲಿ ಒಡೆದು ನೋಡಿದರು. “ನಂದೂ ತಪ್ಪದ. ಗುಂಡಿ ನೋಡ್ಲಿಕ್ಕ ನಾನೂ ಬರ್ಲಿಲ್ಲ,” ಎಂದರು. “ಹೋಗ್ಲಿ, ಆ ಹಾಳಿ ತಗಿ. ಐದನೇದು ಈಗರೆ ತುಂಬು.”

“ಅದ್ರಾಗ ‘ತಾನೇ ಕಂಡುಹಿಡಿದು’ ಅಂತ ಅದ್ರಿ ಸರ್. ನಾ ಎಲ್ಲಿ ಕಂಡುಹಿಡ್ದೀನ್ರಿ? ಬಕ್ಕಪ್ಪ ಕಾಕಾ ತೋರ್ಸಿದ್ದು.”

ಅನೀಲಕುಮಾರರಿಗೆ ನಗು ಬಂತು. ಆ ಗುರಿಗಳನ್ನು ಬರೆದ ಸಮಿತಿಯಲ್ಲಿ ಅವರೂ ಇದ್ದರು. ಹಾಳೆಯನ್ನು ಎಳೆದುಕೊಂಡು, ‘ತಾನೇ ಕಂಡುಹಿಡಿದು’ ಎಂಬುದರ ಮುಂದೆ ಪೆನ್ನಿನಿಂದ ‘ಅಥವಾ ಬೇರೆಯವರು ತೋರಿಸಿದಾಗ ಒಪ್ಪಿಕೊಂಡು’ ಎಂದು ಸೇರಿಸಿ ಸಹಿ ಹಾಕಿದರು.

ಪರೀಕ್ಷೆ ಆರು ತಿಂಗಳು ಮುಂದೆ ಹೋಯಿತೆಂದು ಅವ್ವನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅಂಜನಾಬಾಯಿ ಪೂರ್ತಿ ಕೇಳಿಸಿಕೊಂಡು, “ಸೀರಿ ಎಲ್ಲಿ ಓಡಿ ಹೋಗ್ತದವಾ,” ಎಂದಳು. ಫೋನು ಇಟ್ಟ ಮೇಲೆ ಮಾಯಾ ಮನಸಾರೆ ಅತ್ತಳು.

ಮಳೆ ಬೀಳುವ ಮೊದಲೇ ಮತ್ತೆ ಸಂತಪುರಕ್ಕೆ ಹೋದಳು. ಶಾಲೆಯ ದಾರಿಯ ಪಕ್ಕ, ಜಾಲಿಮುಳ್ಳಿನ ನಡುವೆ ಒಂದು ತುಂಡು ನೆಲವನ್ನು ಬಕ್ಕಪ್ಪ ತೋರಿಸಿದ. “ಇಲ್ಲಿ ಒಂದ್ ಕುರಿ ಸೈತ ಕುಂತಿಲ್ಲ ನೋಡು.” ಈ ಸಲ ಗುಂಡಿಗೆ ಮಾಯಾಳೇ ಇಳಿದಳು. ಚೀಲಕ್ಕೆ ಬೀಳುವ ಒಂದೊಂದು ಹೆಂಟೆಯನ್ನೂ ಕೈಯಾರೆ ಒಡೆದು ನೋಡಿದಳು.

ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಅವಳು ಇನ್ನೊಮ್ಮೆ ಬಂದಾಗ ಶಾಲೆಯ ದಾರಿ ಮೊಣಕಾಲುದ್ದ ಕೆಸರಾಗಿತ್ತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಬಕ್ಕಪ್ಪನ ಮನೆ ಸೇರಿದಳು. ಎರಡು ಗಂಗಾಳ ಕೇಳಿ ಪಡೆದು ನೀರು ತುಂಬಿಸಿದಳು. ಸುಣ್ಣ ಬೆರೆಸಿ ತಿಂಗಳು ಇಟ್ಟಿದ್ದ ಮಣ್ಣಿನ ಉಂಡೆಗಳಲ್ಲಿ ಹಳೆಯ ಗುಂಡಿಯದನ್ನು ಒಂದಕ್ಕೆ, ಹೊಸ ಗುಂಡಿಯದನ್ನು ಇನ್ನೊಂದಕ್ಕೆ ಬಿಟ್ಟಳು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಹಳೆಯದು ಕುಸಿದು ರಾಡಿಯಾಗಿತ್ತು. ಇನ್ನೊಂದು ಗಂಗಾಳದ ನೀರು ತಿಳಿಯಾಗಿಯೇ ಇತ್ತು.

ಬಕ್ಕಪ್ಪ ಆ ಉಂಡೆಯನ್ನು ಬೆರಳಿನಿಂದ ಒತ್ತಿದ. ನಂಬಿಕೆ ಬರಲಿಲ್ಲವೇನೋ, ಎತ್ತಿ ಹೊಸ್ತಿಲಾಚೆಯ ಕಲ್ಲಿನ ಮೇಲಿಟ್ಟ. ಬಾಗಿಲ ಚೌಕಟ್ಟು ಹಿಡಿದುಕೊಂಡು ಅದರ ಮೇಲೆ ಮೆಲ್ಲಗೆ ಹಿಮ್ಮಡಿ ಊರಿದ. ಮಾಯಾ ಅವನ ಪಾದವನ್ನೇ ನೋಡುತ್ತಿದ್ದಳು. ಮುದುಕ ಒಂದು ಗಳಿಗೆ ತಡೆದು, ಇನ್ನೊಂದು ಕಾಲನ್ನೂ ಎತ್ತಿ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ. ಉಂಡೆ ಒಡೆಯಲಿಲ್ಲ.