ಎಂಟು ಎಣಿಕೆ

ಬಸ್ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡುವ ಹೆಂಗಸು ಒಬ್ಬಳೇ. ಡಿಪೋದ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವಳೂ ಅವಳೇ. ಬ್ಯಾಂಡಿನ ಟ್ರಂಪೆಟ್ ಅವಳ ಅಣ್ಣನದು. ಅವನು ಅಲ್ಲೇ ಕಂಡಕ್ಟರ್. ಡಿಪೋಗಳ ಸ್ಪರ್ಧೆಗೆ ಹತ್ತೇ ದಿನ ಇರುವಾಗ ಅವನು ಬಸ್ಸಿನ ಮೆಟ್ಟಿಲಲ್ಲಿ ಜಾರಿ, ಕಂಬಿಗೆ ಬಾಯಿ ಬಡಿಸಿಕೊಂಡು, ಮುಂದಿನ ಹಲ್ಲು ಮುರಿದುಕೊಂಡ. ಹಲ್ಲಿನ ಆಸರೆಯಿಲ್ಲದೆ ಟ್ರಂಪೆಟ್ಟಿಗೆ ತುಟಿ ಒತ್ತುವುದೆಂತು? ಬ್ಯಾಂಡ್ ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂತರು.

“ಅಣ್ಣನ ಪಾಲೂ ನಾನೇ ನುಡಿಸ್ತೀನಿ ಸಾರ್” ಎಂದಳು ತಂಗಿ.

“ತಮಾಷೆನಾಮ್ಮ? ಕ್ಲಾರಿನೆಟ್ಟಿಗೆ ಕೆಳತುಟಿ ಹಲ್ಲಿನ ಮೇಲೆ ಮಡಚಬೇಕು. ಇದಕ್ಕೆ ಎರಡು ತುಟಿನೂ ಅದುರಬೇಕು. ಎರಡನ್ನೂ ಹಿಡಿದ್ರೆ ಇರೋ ಬಾಯೂ ಕೆಡುತ್ತೆ.”

“ನಾಲ್ಕು ವರ್ಷದಿಂದ ಎರಡೂ ನುಡಿಸ್ತಿದೀನಿ. ಕೆಟ್ಟಿದ್ರೆ ಇಷ್ಟೊತ್ತಿಗೆ ನಿಮ್ಮ ಕಿವಿಗೆ ಗೊತ್ತಾಗ್ತಿರಲಿಲ್ವಾ?”

ಅಣ್ಣ ಪೆಚ್ಚಾದ. “ನಾನು ಡ್ಯೂಟಿಗೆ ಹೋದಾಗ ನನ್ನ ಟ್ರಂಪೆಟ್ ಮುಟ್ತಿದ್ಯಾ?” ಎಂದು ಗಾಳಿ ಸೋರುವ ಬಾಯಲ್ಲೇ ಗದರಿದ.

“ಒರೆಸಿ ಇಡ್ತಿದ್ದೆ. ನೀನು ಒಂದಿನ ಆದ್ರೂ ಒರೆಸಿದ್ದುಂಟಾ?”

ಅಲ್ಲೇ ನಿಂತು ನುಡಿಸಿ ತೋರಿಸಿದಳು. ಮಾಸ್ತರರು ತಲೆಯ ಮೇಲಿನ ಕೈ ಇಳಿಸಿದರು. ಆದರೆ ಇನ್ನೊಂದು ತೊಡಕಿತ್ತು. ಹಾಡಿನ ನಡುವೆ ಕ್ಲಾರಿನೆಟ್ ಒಂಟಿಯಾಗಿ ನುಡಿದು ನಿಂತ ಮೇಲೆ ಎಂಟೇ ಎಣಿಕೆಯ ಬಿಡುವು. ಕೂಡಲೇ ಟ್ರಂಪೆಟ್ ಎತ್ತಿಕೊಳ್ಳಬೇಕು. ಇನ್ನೆಂಟು ಸೇರಿಸುತ್ತೇನೆ ಎಂದರು ಮಾಸ್ತರರು. ಅವಳು ಸುತರಾಂ ಒಪ್ಪಲಿಲ್ಲ.

ಹತ್ತು ದಿನ ಅವಳು ತಾಲೀಮು ಮಾಡಿದ್ದು ಆ ಎಂಟು ಎಣಿಕೆಯನ್ನೇ. ಕ್ಲಾರಿನೆಟ್ ಇಡು, ಬಿಗಿದ ತುಟಿಯನ್ನು ಕುದುರೆಯ ಹಾಗೆ ಬುರ್ರೆನ್ನಿಸು, ಟ್ರಂಪೆಟ್ ಎತ್ತು. ಡಿಪೋದವರು ಅವಳಿಗೆ ‘ಜೋಡುಬಾಯಿ’ ಎಂದು ಹೆಸರಿಟ್ಟರು.

“ಒಂದು ಬಾಯಿ ಸಾಲ್ದಾ ನಿಂಗೆ?” ಎಂದ ಒಬ್ಬ ಡ್ರೈವರ್.

“ನಿಮ್ಗೆ ಉತ್ತರ ಕೊಡೋಕೆ ಒಂದು ಸಾಕಣ್ಣ. ಇನ್ನೊಂದು ಸುಮ್ನೆ ಬಿದ್ದಿತ್ತು.”

ಆದರೂ ಸ್ವರ ಒಂದು ಕೂದಲೆಳೆ ಇಳಿಯುತ್ತಿತ್ತು. ಸರದಿ ಬರುವಷ್ಟರಲ್ಲಿ ಟ್ರಂಪೆಟ್ಟಿನ ಹಿತ್ತಾಳೆ ತಣ್ಣಗಾಗುತ್ತಿತ್ತು. ಅದನ್ನು ಪತ್ತೆ ಹಚ್ಚಿದವನು ಅಣ್ಣ. “ಊದೋಕಾಗ್ದಿದ್ರೂ ಉಸಿರಿದೆಯಲ್ಲ ನಂಗೆ” ಎಂದು ಪಕ್ಕದ ಕುರ್ಚಿಯಲ್ಲಿ ಕೂತು, ಸದ್ದಿಲ್ಲದೆ ಬಿಸಿಯುಸಿರು ತುಂಬುತ್ತಾ ಟ್ರಂಪೆಟ್ಟನ್ನು ಬೆಚ್ಚಗಿಟ್ಟ.

ಸ್ಪರ್ಧೆಯ ದಿನ ಸಭಾಂಗಣ ಕಿಕ್ಕಿರಿದಿತ್ತು. ಕ್ಲಾರಿನೆಟ್ ತನ್ನ ಮಾತು ಮುಗಿಸಿತು. ಅವಳು ಬುರ್ರೆಂದಾಗ ಮುಂದಿನ ಸಾಲಿನ ತೀರ್ಪುಗಾರರು ಬೆಚ್ಚಿ ತಲೆಯೆತ್ತಿದರು. ಅಣ್ಣ ಟ್ರಂಪೆಟ್ ಕೈಗಿತ್ತ. ಮೊದಲ ಸ್ವರ ಚೂರು ತಡವರಿಸಿತು. ಅವಳು ಬಿಟ್ಟುಕೊಡಲಿಲ್ಲ. ಎರಡನೆಯದು ಬಾಗಿಲು ತಳ್ಳಿಕೊಂಡು ಬಂದವರ ಹಾಗೆ ಬಂತು. ಮುಂದಿನದೆಲ್ಲ ಅವಳದೇ ರಾಜ್ಯ.

ಮೊದಲ ಬಹುಮಾನ ಬೇರೆ ಡಿಪೋದ ಪಾಲಾಯಿತು, ಇವರಿಗೆ ಎರಡನೆಯದು. ತಿಂಗಳ ಮೇಲೆ ಅಣ್ಣ ಹೊಸ ಹಲ್ಲು ಕಟ್ಟಿಸಿಕೊಂಡು ತಾಲೀಮಿಗೆ ಬಂದ. ಮಾಸ್ತರರು ಹೊಸ ಹಾಡಿನ ಹಾಳೆ ಹಂಚುತ್ತಿದ್ದರು.

“ಇದ್ರಲ್ಲಿ ಟ್ರಂಪೆಟ್ ಎರಡಿವೆಯಲ್ಲ ಸಾರ್?”

“ಒಂದು ನೀನು, ಒಂದು ನಿನ್ನ ತಂಗಿ.”

“ಮತ್ತೆ ಕ್ಲಾರಿನೆಟ್ ಯಾರು?”

“ಅದೂ ನಾನೇ” ಎಂದು ತಂಗಿ ಹಾಳೆಗೆ ಕೈಚಾಚಿದಳು.