ಬದಲಿ ಏಟು

ಆಯಮ್ಮ ಚಿಕ್ಕಯಜಮಾನನ ಬೂಟಿನ ಅಡಿಯನ್ನು ಹಳೇ ಚಾಕುವಿನಿಂದ ಕೆರೆಯುತ್ತಿದ್ದಳು. ಮರದ ಹೊಟ್ಟು, ಕೆಸರು, ರಕ್ತ ಸೇರಿ ಗಾರೆಯ ಹಾಗೆ ಗಟ್ಟಿಯಾಗಿತ್ತು. ಚಾಕುವಿನ ತುದಿಗೆ ಏನೋ ತಾಗಿತು. ಕಲ್ಲಿರಬೇಕೆಂದು ಮೀಟಿದಳು. ಟಣ್ ಎಂದು ನೆಲಕ್ಕೆ ಬಿತ್ತು. ಹಲ್ಲು. ಬೇರು ಸಮೇತ ಕಿತ್ತುಬಂದ ಮನುಷ್ಯನ ಹಲ್ಲು.

ಯಾರದೆಂದು ಕೇಳಬೇಕಾಗಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಹೊತ್ತು ಸಾಮಿಲ್ಲಿಗೆ ಹೋದಾಗ ಕಣ್ಣಾರೆ ಕಂಡಿದ್ದಳು. ಗರಗಸಕ್ಕೆ ಕೈ ಸಿಗದ ಹಾಗೆ ಅಡ್ಡ ತಗಡು ಹಾಕಿಸುವ ತನಕ ದಿಮ್ಮಿ ಮುಟ್ಟೋದಿಲ್ಲ ಎಂದಿದ್ದ ಒಬ್ಬ ಹಮಾಲಿ. ಅಷ್ಟಕ್ಕೇ ಚಿಕ್ಕಯಜಮಾನ ಅವನನ್ನು ಕೆಡವಿ, ಮುಖವನ್ನು ಬೂಟುಗಾಲಲ್ಲಿ ತುಳಿದ. ಹೊಟ್ಟಿನ ರಾಶಿ ಕೆಂಪಾಗುವವರೆಗೂ ತುಳಿದ. ಗರಗಸದ ಬಳಿಯಿದ್ದ ಆಯಮ್ಮನ ಮಗ ಓಡಿಬಂದು ತುಳಿಯುವವನ ಸೊಂಟ ಹಿಡಿದು ಎಳೆದ. ಪೊಲೀಸರು ಬಂದಾಗ ಮಗನ ಅಂಗಿಯ ಮೇಲೂ ರಕ್ತವಿತ್ತು. ಅಷ್ಟು ಸಾಕಾಯಿತು, ಅವನನ್ನೇ ಎಳೆದೊಯ್ದರು. ಮಿಲ್ಲಿನವರೆಲ್ಲ ನೋಡಿದ್ದರು. ಎಲ್ಲರಿಗೂ ಹೊಟ್ಟೆಯಿತ್ತು. ಹಮಾಲಿ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದ, ಮಾತಿರಲಿಲ್ಲ.

ಮನೆಯೊಡತಿ ಅಡುಗೆಮನೆಗೇ ಬಂದು ಆಯಮ್ಮನ ಕೈ ಹಿಡಿದಳು.

"ನಿನ್ನ ಮಗ ಗಟ್ಟಿ ಪಿಂಡ ಕಣೇ, ತಡ್ಕೋತಾನೆ. ಆಮೇಲೆ ನಾವೇ ಬಿಡಿಸ್ತೀವಿ. ನನ್ನ ಮಗ ಹೂವಿನ ಹಾಗೆ ಬೆಳೆದೋನು. ನೀನೇ ಹಾಲು ಕುಡಿಸಿದ್ದೀಯ, ನಿಂಗೆ ಗೊತ್ತಿಲ್ವಾ?"

ಗೊತ್ತಿತ್ತು. ಆ ಮನೆಯ ಪದ್ಧತಿಯೂ ಗೊತ್ತಿತ್ತು. ಮನೆಯ ಕೂಸಿನ ಮೇಲೆ ಯಾರೂ ಕೈ ಮಾಡುವಂತಿಲ್ಲ. ಅದು ತಪ್ಪು ಮಾಡಿದರೆ ಆಯಮ್ಮ ತನ್ನ ಮಗನನ್ನು ತಂದು ಅದರೆದುರಿಗೇ ಹೊಡೆಯಬೇಕು. "ನೋಡಿ ಕಲೀತಾನೆ" ಎನ್ನುತ್ತಿದ್ದರು ಆಗಿನ ದೊಡ್ಡಯಜಮಾನರು. ಕನ್ನಡಿ ಒಡೆದವನು ಅವನು, ಬೆನ್ನು ಒಡೆದದ್ದು ಇವನದು. ನಾಯಿಮರಿಯ ಕಣ್ಣಿಗೆ ಕಡ್ಡಿ ಚುಚ್ಚಿದವನು ಅವನು, ಸೌದೆಯೇಟು ತಿಂದವನು ಇವನು. ಕೂಸು ಕಲಿತದ್ದೇನೋ ನಿಜ. ತಾನು ತಪ್ಪು ಮಾಡಿದರೆ ಸುಲಿಯುವುದು ಬೇರೆಯವರ ಚರ್ಮ ಎಂದು ಚೆನ್ನಾಗಿಯೇ ಕಲಿತ.

ಕೋರ್ಟಿನ ಜಗಲಿಯಲ್ಲಿ ಯಜಮಾನರ ವಕೀಲ ಅವಳಿಗೆ ಸಮಾಧಾನ ಹೇಳಿದ. "ಒಳ್ಳೇ ಮನೆತನದ ಹುಡುಗ ಹೀಗೆ ಮಾಡ್ತಾನೇನಮ್ಮ? ನಿನ್ನ ಮಗನ ಬೆನ್ನ ಮೇಲೆ ಹಳೇ ಬಾಸುಂಡೆ ಗುರುತು ನೋಡಿದೆ. ಏಟು ತಿಂದು ಬೆಳೆದೋನು ಹೊಡೀತಾನೆ. ಅವನದ್ದೂ ತಪ್ಪಲ್ಲ ಬಿಡು, ಬೆಳೆಸಿದ ರೀತಿ."

"ಇಬ್ಬರನ್ನೂ ಬೆಳೆಸಿದ್ದು ನಾನೇ ಸ್ವಾಮಿ."

ವಕೀಲ ಅಷ್ಟರಲ್ಲಿ ಕೈಗಡಿಯಾರ ನೋಡಿಕೊಳ್ಳುತ್ತಿದ್ದ.

ಅವಳು ತಡವಾಗಿ ಕಲಿತ ಗುಂಡುಗುಂಡು ಅಕ್ಷರದಲ್ಲಿ, ಕಂಡದ್ದನ್ನೆಲ್ಲ ನ್ಯಾಯಾಧೀಶರಿಗೆ ಬರೆದಳು. ಹಲ್ಲನ್ನು ಚಿಂದಿಯಲ್ಲಿ ಸುತ್ತಿ ಲಕೋಟೆಯೊಳಗಿಟ್ಟಳು. ಆದರೆ ಕಳಿಸಲಿಲ್ಲ. ಬಿಡಿಸ್ತೀವಿ ಎಂಬ ಮಾತಿನ ಆಸೆ ಒಂದು. ಇನ್ನೊಂದು, ಅವನೂ ತನ್ನ ಎದೆಹಾಲು ಕುಡಿದವನು. ಹಾವೇ ಆಗಿರಲಿ, ಹಾಲೆರೆದವಳು ತಾನೇ. ಬೇಸಿಗೆ ಹೋಯಿತು, ಚಳಿ ಬಂತು. ಮಗ ಬರಲಿಲ್ಲ. ತಾಯಿ ಮೊದಲೇ ಇಲ್ಲದೆ ಈಗ ತಬ್ಬಲಿಯಂತಾದ ಮೊಮ್ಮಗಳು ಅಜ್ಜಿಯ ಬೆರಳು ಹಿಡಿದು ಅದೇ ಮನೆಗೆ ಬರತೊಡಗಿದಳು.

ಒಂದು ಬೆಳಿಗ್ಗೆ ಚಿಕ್ಕಯಜಮಾನನ ಮಗ ಬೆಕ್ಕಿನ ಮೇಲೆ ಕುದಿಯುವ ನೀರು ಸುರಿದ. ಬೆಕ್ಕಿನ ಕಿರುಚಾಟಕ್ಕೆ ಮನೆಯೆಲ್ಲ ಓಡಿಬಂತು. ಚಿಕ್ಕಯಜಮಾನ ಪೇಪರು ಮಡಚಿದ.

"ಆಯಮ್ಮಾ, ನಿನ್ನ ಮೊಮ್ಮಗಳನ್ನ ಕರಿ. ಇವನೆದುರಿಗೆ ಎರಡು ಬಿಗಿ. ಬುದ್ಧಿ ಬರ್ಲಿ."

"ಸುರಿದದ್ದು ಇವಳಲ್ಲಪ್ಪ."

"ಅಯ್ಯೋ, ನಮ್ಮನೇಲಿ ನಡ್ಕೊಂಡು ಬಂದಿರೋದೇ ಹಿಂಗಲ್ವಾ? ನಾನು ಬೆಳೀಲಿಲ್ವಾ?" ಅವನು ನಕ್ಕ.

ಹುಡುಗಿ ತಾನಾಗಿಯೇ ಮುಂದೆ ಬಂದಳು. ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ನಿಂತಳು. ಅವಳಪ್ಪ ನಿಲ್ಲುತ್ತಿದ್ದ ಹಾಗೆಯೇ.

ಆಯಮ್ಮ ಕೈಯೆತ್ತಿದಳು. ಪಾತ್ರೆ ಉಜ್ಜಿ ಉಜ್ಜಿ ಕಲ್ಲಾದ ಕೈ. ಅದು ಬಿದ್ದದ್ದು ಚಿಕ್ಕಯಜಮಾನನ ಕೆನ್ನೆಗೆ. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ತುಟಿ ಒಡೆದು ರಕ್ತ ಇಳಿಯಿತು. ಹುಟ್ಟಿದಾಗಿನಿಂದ ಏಟಿನ ರುಚಿ ಕಂಡವನಲ್ಲ. ಅವನ ಮುಖದಲ್ಲಿ ನೋವಿಗಿಂತ ಬೆರಗೇ ಹೆಚ್ಚಾಗಿತ್ತು.

"ಕನ್ನಡಿ ಒಡೆದ ದಿನಾನೇ ಕೊಡಬೇಕಾಗಿತ್ತು ಕಣೋ. ನಂಗೆ ಧೈರ್ಯ ಇರ್ಲಿಲ್ಲ, ನನ್ನ ತಪ್ಪು. ನಿನ್ನನ್ನ ಹಿಂಗೆ ಬೆಳೆಸಿದ್ರು, ಅದು ಅವರ ತಪ್ಪು. ಆದ್ರೆ ಅಷ್ಟು ಏಟು ತಿಂದ ನನ್ನ ಮಗ ಯಾರ ಮುಖಾನೂ ತುಳೀಲಿಲ್ವಲ್ಲೋ! ಕಾಲು ನಿಂದು. ಬೂಟು ನಿಂದು."

ಅವನಿಗೆ ಆಗ ಎಚ್ಚರವಾಯಿತು. ಕುರ್ಚಿ ಎತ್ತಿ ಬೀಸಿದ. ಅದರ ಕಾಲು ಅವಳ ಹಣೆ ಸೀಳಿತು. ಮತ್ತೆ ಎತ್ತುವಷ್ಟರಲ್ಲಿ ಅಡುಗೆಯವಳು ಕಾದ ಬಾಣಲೆ ಹಿಡಿದು ನಡುವೆ ನಿಂತಿದ್ದಳು. "ಇನ್ನೊಂದ್ಸಲ ಎತ್ತಿ ನೋಡು. ಎಣ್ಣೆ ಬಿಸಿಯಾಗಿದೆ." ಡ್ರೈವರ್ ಹೋಗಿ ಗೇಟು ತೆರೆದ.

ಅಂಚೆ ಕಚೇರಿಯಲ್ಲಿ ಗುಮಾಸ್ತ, ಮೊಮ್ಮಗಳ ಕೈ ಹಿಡಿದು ಬಂದ ಆಯಮ್ಮನ ಹಣೆ ನೋಡಿದ, ಲಕೋಟೆ ಒತ್ತಿ ನೋಡಿದ.

"ಒಳಗೇನಮ್ಮ, ಗಟ್ಟಿ ಇದೆ?"

"ಹಲ್ಲು."

"ಯಾರದ್ದು?"

"ಮಾತು ಹೋದೋನದು. ಅವನ ಬದಲು ನಾನು ಬರ್ದಿದ್ದೀನಿ. ಕಳ್ಸಪ್ಪ, ಆಗ್ಲೇ ತಡ ಆಗಿದೆ."

ಗುಮಾಸ್ತ ಮುದ್ರೆಯೆತ್ತಿ ಧಪ್ಪೆಂದು ಬಡಿದ. ಆ ಸದ್ದಿಗೆ ಮೊಮ್ಮಗಳು ಬೆನ್ನು ಸೆಟೆಸಿಕೊಂಡು ಕಣ್ಣು ಮುಚ್ಚಿದಳು.

ಏಟು ಅವಳ ಮೇಲೆ ಬೀಳಲಿಲ್ಲ. ಕಣ್ಣು ಬಿಟ್ಟಾಗ ಗುಮಾಸ್ತ ಲಕೋಟೆಯನ್ನು ಚೀಲಕ್ಕೆ ಎಸೆಯುತ್ತಿದ್ದ.