ಯುಗಾದಿ ಸಂಜೆ ಓದಿದ ಮಳೆ

ನನ್ನ ಮಗಳನ್ನು ನಾನು ಹೊಗಳಲು ಶುರು ಮಾಡಿದರೆ ಸಾರಕ್ಕಿಯ ಹೆಂಗಸರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಮಾಡಲಿ. ಸಂಗೀತಾ ಹವಾಮಾನ ಕಚೇರಿಯಲ್ಲಿದ್ದಾಳೆ. ಮುಂದಿನ ತಿಂಗಳುಗಳಲ್ಲಿ ಬಿಸಿಲೆಷ್ಟು, ಮಳೆಯೆಷ್ಟು ಎಂದು ಹೇಳುವ ಮುನ್ಸೂಚನೆಯನ್ನು ಈ ಸಲ ಬರೆದವರಲ್ಲಿ ಅವಳೂ ಒಬ್ಬಳು. ಟಿವಿಯಲ್ಲಿ ಅದನ್ನು ಹೇಳುವಾಗ ನಾನು ಒಗ್ಗರಣೆ ಸೀಯಲು ಬಿಟ್ಟು ಓಡಿಬಂದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ.

ಯಾಕೆ ಎತ್ತುತ್ತಾರೆ? ಮಳೆ ಹೇಳುವುದು ಅವರ ಮನೆತನದ ಸ್ವತ್ತು. ನಮ್ಮ ಬೀದಿಯ ಈಶ್ವರನ ಗುಡಿಯಲ್ಲಿ ಯುಗಾದಿ ಸಂಜೆ ಪಂಚಾಂಗ ಓದಿ ವರ್ಷದ ಮಳೆ-ಬೆಳೆ ಹೇಳುವುದು ತಾತನ ಕಾಲದಿಂದ ಬಂದ ಕೆಲಸ. ಈಗ ಓದುವವರು ಇವರು. ಚನ್ನಬಸವಯ್ಯನವರು ಓದಿದರೆ ಮುಗಿಯಿತು, ಸಾರಕ್ಕಿಗೆ ಅಷ್ಟೇ ಮಳೆ. ಮಗಳು ಕೆಲಸಕ್ಕೆ ಸೇರಿ ಇಷ್ಟು ವರ್ಷವಾದರೂ ಭೇಷ್ ಎಂಬ ಒಂದು ಮಾತು ಅವರ ಬಾಯಿಂದ ಬಂದಿರಲಿಲ್ಲ. ಅದನ್ನೊಂದು ನಾನು ಕಿವಿಯಾರೆ ಕೇಳಬೇಕಿತ್ತು.

ಈ ಯುಗಾದಿಗೆ ಪಂಚಾಂಗದಲ್ಲಿ ಸಮೃದ್ಧ ಮಳೆ. ಮಗಳ ಕಚೇರಿಯ ಪ್ರಕಾರ ಬಿಸಿಲು ವಾಡಿಕೆಗಿಂತ ಹೆಚ್ಚು, ರಾತ್ರಿಯೂ ಸೆಕೆ, ಮಳೆ ಕಡಿಮೆಯಾಗುವ ಸಂಭವವೇ ಜಾಸ್ತಿ. ಮಧ್ಯಾಹ್ನ ಒಬ್ಬಟ್ಟು ಬಡಿಸುತ್ತಿದ್ದಾಗ ಅವಳು ಮಾತು ತೆಗೆದಳು. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಗುಡಿಯ ಅರವಟ್ಟಿಗೆ ಪ್ರತಿ ವರ್ಷ ಶುರುವಾಗುವುದು ಬಸವ ಜಯಂತಿಗೆ.

"ಅಪ್ಪಾಜಿ, ಬಸವ ಜಯಂತಿವರ್ಗೂ ಕಾಯ್ಬೇಡಿ. ನಾಳೆಯಿಂದ್ಲೇ ಅರವಟ್ಟಿಗೆ ಇಡ್ಸಿ. ಬಿಸಿಲು ಜೋರಿರುತ್ತೆ ಅಂತ ಗುಡೀಲಿ ಎಲ್ರಿಗೂ ಹೇಳಿ."

"ಹಬ್ಬದ ದಿನ ಮಳೆ ಕಮ್ಮಿ ಅಂತ ಹೇಳೋಕಾಗುತ್ತೇನಮ್ಮಾ? ಜನ ಒಳ್ಳೇದು ಕೇಳೋಕೆ ಬರ್ತಾರೆ," ಎಂದು ಅವರು ಕೈ ತೊಳೆಯಲು ಎದ್ದರು.

ಅವಳ ಮುಖ ಸಣ್ಣದಾಯಿತು. ನನಗೆ ಮೈಯೆಲ್ಲ ಉರಿಯಿತು.

"ಊರಿಗೆಲ್ಲ ಟಿವೀಲಿ ಹೇಳಿದ್ದಾಯ್ತು. ನಿಮ್ಮ ಗುಡಿಗೆ ಮಾತ್ರ ಗುಟ್ಟಾ?" ಎಂದೆ.

ಸಂಜೆ ಗುಡಿ ತುಂಬಿತ್ತು. ಇವರು ಗಂಟಲು ಸರಿಮಾಡಿಕೊಂಡು ಓದಿದರು. ಸಮೃದ್ಧ ಮಳೆ ಎಂದಾಗ ಎಲ್ಲರೂ ಕೈ ಮುಗಿದರು. ಮಳೆ ಹೇಳಿದವರಿಗೆ ಮೊದಲ ತಾಂಬೂಲ ಕೊಡುವುದು ನಮ್ಮ ಗುಡಿಯ ಪದ್ಧತಿ. ತಟ್ಟೆ ಇವರ ಕೈಗೆ ಬಂದಿತ್ತು, ಅಷ್ಟರಲ್ಲಿ ಪಕ್ಕದ ಮನೆಯ ವಿಮಲಾ ಬಾಯಿ ಹಾಕಿದಳು.

"ಅಯ್ನೋರೇ, ನೀವು ಮಳೆ ಜಾಸ್ತಿ ಅಂತೀರಾ, ನಿಮ್ಮ ಮಗಳ ಆಫೀಸ್ನೋರು ಕಮ್ಮಿ ಅಂತಾರೆ. ಯಾರ್ದು ನಂಬೋಣ?"

ಜನ ನಕ್ಕರು. ಸಂಗೀತಾ ತಲೆ ತಗ್ಗಿಸಿದಳು. ವಿಮಲಾಳ ಬಾಯಿಗೆ ಒಂದು ಹಿಡಿ ಬೇವು ತುರುಕಬೇಕು ಎನ್ನಿಸಿತು ನನಗೆ.

ಇವರು ಕನ್ನಡಕ ತೆಗೆದು ಪಂಚಾಂಗದ ಮೇಲಿಟ್ಟರು.

"ಇದ್ರಲ್ಲಿ ಇರೋದನ್ನ ಓದ್ದೆ ವಿಮಲಾ. ನಮ್ಮ ತಾತ ಓದಿದ್ರು, ನಮ್ಮಪ್ಪ ಓದಿದ್ರು. ಯಾರೋ ಬರೆದಿದ್ದನ್ನ ಓದ್ಕೊಂಡೇ ಬಂದೋರು ನಾವು. ಮಳೆ ಲೆಕ್ಕ ತಾನೇ ಹಾಕಿ ಬರೆದೋಳು ನಮ್ಮ ವಂಶದಲ್ಲಿ ಇವ್ಳೇ ಮೊದಲು. ಬಿಸಿಲು ಜೋರು ಅಂದಿದಾಳೆ. ಅರವಟ್ಟಿಗೆ ನಾಳೆಯಿಂದ್ಲೇ ಶುರು."

ತಾಂಬೂಲದ ತಟ್ಟೆಯನ್ನು ಅವಳ ಮುಂದೆ ಹಿಡಿದರು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಎಲ್ಲರೂ ನೋಡಲಿ ಎಂದು ಹಾಗೇ ನಿಂತೆ.

"ಹಂಗಾದ್ರೆ ಮಳೆ ಬರಲ್ವೇನಮ್ಮಾ?" ವಿಮಲಾಳ ದನಿ ಈಗ ಮೆತ್ತಗಾಗಿತ್ತು.

"ಅಪ್ಪಾಜಿ ಓದಿದ್ದೇ ನಿಜ ಆಗ್ಲಿ ಆಂಟಿ, ನಂಗೂ ಅದೇ ಆಸೆ. ಆದ್ರೆ ಮಜ್ಜಿಗೆ ಮಾತ್ರ ರೆಡಿ ಇರ್ಲಿ."

ಮರುದಿನದಿಂದ ಇವರು ಸಾರಕ್ಕಿ ಸಿಗ್ನಲ್ಲಿನ ಹತ್ತಿರ ಮಡಕೆ ಇಟ್ಟುಕೊಂಡು ಕೂತಿದ್ದಾರೆ. ಆಟೋದವರು ಬೆವರು ಒರೆಸಿಕೊಂಡು ಏನ್ ಬಿಸಿಲು ಸ್ವಾಮಿ ಎಂದರೆ ಸಾಕು, "ನನ್ನ ಮಗಳು ಮೊದ್ಲೇ ಹೇಳಿದ್ಳು" ಎನ್ನುತ್ತಾರೆ. ಲೋಟ ಹಿಡಿದವರಿಗೆಲ್ಲ ಅದೇ ಮಾತು. ನನ್ನನ್ನು ಜಂಬದವಳು ಅನ್ನುವವರು ಒಮ್ಮೆ ಅಲ್ಲಿಗೆ ಹೋಗಿ ಮಜ್ಜಿಗೆ ಕುಡಿದು ಬರಲಿ.